ಮೂರು ತುಂಬದ ಆಟಿಸಂ ಮಗು, ಹೊಟ್ಟೆಯ ಪಥ್ಯ: ಮೊಸರನ್ನ ನಿಲ್ಲಿಸಬೇಕಾ?

ತುಂಗಾ ತೀರ
ಮಗನಿಗೆ ಇನ್ನೂ ಮೂರು ತುಂಬಿಲ್ಲ. ಆಟಿಸಂ ಇದೆ ಎಂದು ಹೋದ ವರ್ಷ ಗೊತ್ತಾಯಿತು. ತಿನ್ನುವುದು ಐದೇ: ಮೊಸರನ್ನ, ಗರಿಗರಿ ದೋಸೆ, ಬಾಳೆಹಣ್ಣು, ಅಕ್ಕಿ ಹಪ್ಪಳ, ಒಂದೇ ಕಂಪನಿಯ ಬಿಸ್ಕತ್ತು. ಮೊಸರನ್ನದಲ್ಲಿ ಒಂದು ಸಾಸಿವೆ ಕಂಡರೂ ತಟ್ಟೆ ತಳ್ಳುತ್ತಾನೆ. ಜೊತೆಗೆ ಬಾಟಲಿಯಲ್ಲಿ ಹಾಲು. ಮಲಬದ್ಧತೆ ವಿಪರೀತ. ಹೋಗುವಾಗ ಅವನು ಅಳುವುದನ್ನು ನೋಡಲಾಗುವುದಿಲ್ಲ.

ಆನ್‌ಲೈನಿನಲ್ಲಿ ಒಬ್ಬ ಡಯಟ್ ಕೋಚ್ ಸಿಕ್ಕಿದರು. ಕರುಳು ಸರಿಯಾಗಬೇಕಾದರೆ ಗೋಧಿ, ಹಾಲು, ಮೊಸರು, ಅಕ್ಕಿ, ರಾಗಿ, ಆಲೂಗಡ್ಡೆ, ಸಕ್ಕರೆ ಎಲ್ಲ ಒಟ್ಟಿಗೆ ನಿಲ್ಲಿಸಿ ಅಂದರು. ಬದಲಿಗೆ ಮೊಟ್ಟೆ, ಬೇಯಿಸಿದ ಕ್ಯಾರೆಟ್, ಸಿಹಿಗುಂಬಳ, ಚೆನ್ನಾಗಿ ಕಳಿತ ಬಾಳೆಹಣ್ಣು. ಈ ವಾರ ಶುರು ಮಾಡಿದೆವು. ಬಾಳೆಹಣ್ಣು ಬಿಟ್ಟು ಬೇರೆ ಯಾವುದನ್ನೂ ಬಾಯಿಗೆ ಇಡುತ್ತಿಲ್ಲ. ಮುಂದುವರಿಸಬೇಕಾ? ಅನುಭವ ಇರುವವರು ಹೇಳಿ.

ಕರಾವಳಿ ಅಪ್ಪ
ಮುಂದುವರಿಸಿ. ಮೊದಲ ವಾರ ಎಲ್ಲ ಮಕ್ಕಳೂ ಹಟ ಮಾಡುತ್ತಾರೆ. ನಮ್ಮ ಮಗಳಿಗೆ ಗೋಧಿ, ಹಾಲು ಬಿಡಿಸಿದ ಮೇಲೆ ಹೊಟ್ಟೆ ಸರಿಯಾಯಿತು, ನಿದ್ದೆ ಬಂತು, ಕಣ್ಣಲ್ಲಿ ಕಣ್ಣಿಟ್ಟು ನೋಡತೊಡಗಿದಳು. ನೀವು ಗಟ್ಟಿಯಾಗಿರಬೇಕು ಅಷ್ಟೇ. ಹಸಿವಾದರೆ ತಿಂದೇ ತಿನ್ನುತ್ತಾನೆ.

ಊಟದ ಥೆರಪಿ
‘ಹಸಿವಾದರೆ ತಿಂದೇ ತಿನ್ನುತ್ತಾನೆ.’ ದಯವಿಟ್ಟು ಈ ಮಾತನ್ನು ಇಲ್ಲಿ ಹೇಳಬೇಡಿ. ನಾನು ಆಕ್ಯುಪೇಷನಲ್ ಥೆರಪಿಸ್ಟ್, ಊಟದ ತೊಂದರೆ ಇರುವ ಮಕ್ಕಳ ಜೊತೆಯೇ ಕೆಲಸ. ಇಂಥ ಮಕ್ಕಳಲ್ಲಿ ಕೆಲವರು ಹಸಿವಾದರೂ ತಿನ್ನುವುದಿಲ್ಲ. ವಾಸನೆ, ಬಣ್ಣ, ನಾಲಿಗೆಗೆ ತಾಗುವ ರೀತಿ ಬೇರೆಯಾದರೆ ಅವರಿಗೆ ಅದು ಆಹಾರವೇ ಅಲ್ಲ. ಬರೀ ಕೆಲವೇ ಪದಾರ್ಥ ತಿಂದು ವಿಟಮಿನ್ ಸಿ ಕೊರತೆಯ ಸ್ಕರ್ವಿ ಕಾಯಿಲೆ ಬಂದ ಆಟಿಸಂ ಮಕ್ಕಳ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಇವರ ಮಗುವಿನ ಹತ್ತಿರ ಇರುವುದೇ ಐದು. ಅದರಲ್ಲಿ ನಾಲ್ಕನ್ನು ಒಂದೇ ದಿನ ಕಿತ್ತುಕೊಂಡಿದ್ದಾರೆ.

ತುಂಗಾ ಅವರೇ, ಇವತ್ತು ರಾತ್ರಿಯೇ ಮೊಸರನ್ನ ಕೊಡಿ.

ಕರಾವಳಿ ಅಪ್ಪ
‘ಕಿತ್ತುಕೊಂಡಿದ್ದಾರೆ’ ಅಂದರೆ ಏನರ್ಥ? ಆ ತಾಯಿ ಮಗುವಿನ ಒಳ್ಳೆಯದಕ್ಕೇ ಮಾಡುತ್ತಿದ್ದಾರೆ. ಥೆರಪಿಸ್ಟ್ ಆದವರು ತಾಯಂದಿರ ಮೇಲೆ ತಪ್ಪು ಹೊರಿಸಬಾರದು.

ಡಲ್ಲಾಸ್ ಅಮ್ಮ
ಆ ಕೋಚ್ ಕೊಟ್ಟ ಪಟ್ಟಿಯನ್ನು ಯಾರಾದರೂ ಸರಿಯಾಗಿ ನೋಡಿದಿರಾ? ಅದು ಎರಡು ಬೇರೆ ಬೇರೆ ಪಥ್ಯಗಳ ಕಲಸುಮೇಲೋಗರ. ಗ್ಲುಟೆನ್ (ಗೋಧಿ, ಬಾರ್ಲಿಯ ಪ್ರೋಟೀನ್) ಮತ್ತು ಕೇಸೀನ್ (ಹಾಲಿನ ಪ್ರೋಟೀನ್) ಬಿಡುವ ಪಥ್ಯದಲ್ಲಿ ಗೋಧಿ, ಬಾರ್ಲಿ, ಹಾಲು, ಮೊಸರು ಇಲ್ಲ. ಆದರೆ ಅಕ್ಕಿ, ರಾಗಿ, ಜೋಳ, ನವಣೆ ಧಾರಾಳವಾಗಿ ತಿನ್ನಬಹುದು. ಎಸ್‌ಸಿಡಿ (ಸ್ಪೆಸಿಫಿಕ್ ಕಾರ್ಬೋಹೈಡ್ರೇಟ್ ಡಯಟ್) ಅನ್ನುವ ಇನ್ನೊಂದರಲ್ಲಿ ಯಾವ ಧಾನ್ಯವೂ ಇಲ್ಲ. ಆದರೆ 24 ಗಂಟೆ ಹೆಪ್ಪಿಟ್ಟ ಮನೆಯ ಮೊಸರನ್ನು ತಿನ್ನಲೇಬೇಕು ಅನ್ನುತ್ತಾರೆ. ಅಷ್ಟು ಹೊತ್ತಿಗೆ ಹಾಲಿನ ಸಕ್ಕರೆಯೆಲ್ಲ ಹುಳಿಯಾಗಿರುತ್ತದೆ ಅನ್ನುವುದು ಕಾರಣ. ಒಂದು ಪಥ್ಯಕ್ಕೆ ಅನ್ನ ಬೇಡ, ಇನ್ನೊಂದಕ್ಕೆ ಮೊಸರು ಬೇಡ. ಎರಡನ್ನೂ ಸೇರಿಸಿ ಮೊಸರನ್ನವನ್ನೇ ತೆಗೆದುಬಿಟ್ಟರು.

ಎಸ್‌ಸಿಡಿ ಬಂದಿದ್ದೂ ಆಟಿಸಂಗೆ ಅಲ್ಲ. ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್ ಅದನ್ನು ಸೀಲಿಯಾಕ್ (ಗೋಧಿ ತಿಂದರೆ ಕರುಳು ಕೆಡುವ ಕಾಯಿಲೆ) ಇದ್ದ ಮಕ್ಕಳಿಗೆ ಕೊಟ್ಟರು. 1924ರಲ್ಲಿ ಬಾಳೆಹಣ್ಣಿನ ಪಥ್ಯದಿಂದ ಶುರು ಮಾಡಿದ್ದು. ನಿಜವಾದ ತೊಂದರೆ ಗೋಧಿಯಲ್ಲಿದೆ ಎಂದು ತೋರಿಸಿದ್ದು ಆಮೇಲೆ, ಹಾಲೆಂಡಿನ ವಿಲ್ಲೆಮ್ ಡಿಕೆ.

ಕರಾವಳಿ ಅಪ್ಪ
‘ಆಟಿಸಂಗೆ ಅಲ್ಲ’ ಅಂತೀರಿ. 2010ರಲ್ಲಿ ಡೆನ್ಮಾರ್ಕಿನ 72 ಆಟಿಸಂ ಮಕ್ಕಳ ಮೇಲೆ ಪ್ರಯೋಗ ಆಗಿದೆ. ಗ್ಲುಟೆನ್, ಕೇಸೀನ್ ಬಿಟ್ಟ ಮಕ್ಕಳು ಸುಧಾರಿಸಿದ್ದಾರೆ. ಓದಿಕೊಂಡು ಬನ್ನಿ.

ಮೈಸೂರು ಮೇಷ್ಟ್ರು
ಓದಿದ್ದೇನೆ. ಅದರಲ್ಲಿ ಯಾರಿಗೆ ಪಥ್ಯ, ಯಾರಿಗೆ ಇಲ್ಲ ಎಂದು ಅಪ್ಪ ಅಮ್ಮಂದಿರಿಗೆ ಗೊತ್ತಿತ್ತು. ನಡುವೆ ಬಿಟ್ಟುಹೋದವರೂ ಬಹಳ. 2016ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಮಾಡಿದ್ದನ್ನು ನೋಡಿ. ಮಕ್ಕಳನ್ನು ಪಥ್ಯದಲ್ಲಿಟ್ಟು, ಆಗಾಗ ಗುಟ್ಟಾಗಿ ಗ್ಲುಟೆನ್ ಇರುವ ತಿಂಡಿ, ಹಾಲಿನಂಶ ಇರುವ ತಿಂಡಿ, ಎರಡೂ ಇಲ್ಲದ ತಿಂಡಿ ಕೊಟ್ಟರು. ಯಾವುದು ಯಾವಾಗ ಎಂದು ಮನೆಯವರಿಗೂ ಗೊತ್ತಿಲ್ಲ, ನೋಡುವವರಿಗೂ ಗೊತ್ತಿಲ್ಲ. ನಡವಳಿಕೆ, ನಿದ್ದೆ, ಹೊಟ್ಟೆ, ಯಾವುದರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2013ರಲ್ಲೇ, ಆಟಿಸಂನ ಮುಖ್ಯ ಲಕ್ಷಣಗಳಿಗೆ ಈ ಪಥ್ಯ ಬಳಸಬೇಡಿ ಎಂದು ಬರೆದಿದೆ.

ಕರಾವಳಿ ಅಪ್ಪ
ರಾಚೆಸ್ಟರ್‌ನಲ್ಲಿ ಕೊನೆಯವರೆಗೆ ಇದ್ದ ಮಕ್ಕಳು 14. ಹದಿನಾಲ್ಕು! ಅದನ್ನು ಯಾಕೆ ಹೇಳಲಿಲ್ಲ ಮೇಷ್ಟ್ರೇ? ಸೀಲಿಯಾಕ್, ಅಲರ್ಜಿ ಇದ್ದ ಮಕ್ಕಳನ್ನು ಮೊದಲೇ ಹೊರಗಿಟ್ಟಿದ್ದರು. ಪಥ್ಯದಿಂದ ಯಾರಿಗೆ ಲಾಭವೋ ಅವರನ್ನೇ ಬಿಟ್ಟು ಲಾಭ ಇಲ್ಲ ಅಂದರೆ ಹೇಗೆ?

ಮೈಸೂರು ಮೇಷ್ಟ್ರು
ಅಂದರೆ ಸೀಲಿಯಾಕ್, ಅಲರ್ಜಿ ಇಲ್ಲದವರಿಗೆ ಲಾಭ ಇಲ್ಲ ಎಂದು ನೀವೇ ಒಪ್ಪಿದ ಹಾಗಾಯಿತು.

ಕರಾವಳಿ ಅಪ್ಪ
ನಾನು ಒಪ್ಪಿಲ್ಲ. ನನ್ನ ಬಾಯಿಗೆ ಮಾತು ತುರುಕಬೇಡಿ.

ಮಲೆನಾಡ ಮಲ್ಲಿಗೆ
ನಾವು ಆರು ತಿಂಗಳಿಗೂ ಜಾಸ್ತಿ ಗೋಧಿ, ಮೈದಾ, ರವೆ ಬಿಟ್ಟೆವು. ಹಬ್ಬಕ್ಕೆ ಹೋದರೂ ಬುತ್ತಿ ಕಟ್ಟಿಕೊಂಡೇ ಹೋದೆವು. ಮಗನಲ್ಲಿ ಏನೇನೂ ವ್ಯತ್ಯಾಸ ಆಗಲಿಲ್ಲ. ಇದನ್ನೂ ಯಾರಾದರೂ ಹೇಳಬೇಕಲ್ಲ.

ಕರಾವಳಿ ಅಪ್ಪ
ಸಾರಿಗೆ ಇಂಗು ಹಾಕುತ್ತಿದ್ದಿರಾ?

ಮಲೆನಾಡ ಮಲ್ಲಿಗೆ
ಹಾಕದೆ ಸಾರು ಹೇಗೆ ಮಾಡುವುದು? ಹಾಕುತ್ತಿದ್ದೆವು.

ಕರಾವಳಿ ಅಪ್ಪ
ಹಾಗಾದರೆ ನೀವು ಗ್ಲುಟೆನ್ ಬಿಟ್ಟೇ ಇಲ್ಲ. ಡಬ್ಬಿಯ ಇಂಗಿನಲ್ಲಿ ಗೋಧಿ ಹಿಟ್ಟೋ ಮೈದಾನೋ ಇರುತ್ತದೆ. ಡಬ್ಬಿಯ ಹಿಂಬದಿ ಬರೆದಿದ್ದನ್ನು ಓದಿ. ಆರು ತಿಂಗಳು ಏನೂ ಆಗಲಿಲ್ಲ ಅಂದರೆ ಕಾರಣ ಅದೇ.

ಮಲೆನಾಡ ಮಲ್ಲಿಗೆ
ಆರು ತಿಂಗಳ ಕಷ್ಟವನ್ನು ಒಂದು ಚಿಟಿಕೆ ಇಂಗಿನಲ್ಲಿ ಅಳಿಸಿಹಾಕುತ್ತೀರಾ? ಹಬ್ಬದ ಮನೆಯಲ್ಲಿ ನನ್ನ ಮಗನ ಕೈಯಿಂದ ಹೋಳಿಗೆ ಕಸಿದುಕೊಂಡವಳು ನಾನು. ಅದರ ನೋವು ನಿಮಗೆ ಗೊತ್ತಾ?

ಮೈಸೂರು ಮೇಷ್ಟ್ರು
ಲೆಕ್ಕ ಹಾಕೋಣ. ಚಿಟಿಕೆ ಅಂದರೆ ಸುಮಾರು 100 ಮಿಲಿಗ್ರಾಂ. ಅದರಲ್ಲಿ ಅರ್ಧ ಮೈದಾ ಅಂತಲೇ ಇಟ್ಟುಕೊಳ್ಳಿ, 50. ಮೈದಾದಲ್ಲಿ ಗ್ಲುಟೆನ್ ಹತ್ತರಲ್ಲಿ ಒಂದು ಪಾಲು, 5 ಮಿಲಿಗ್ರಾಂ. ಅದೂ ಇಡೀ ಪಾತ್ರೆಗೆ. ನಾಲ್ಕು ಜನ ಹಂಚಿಕೊಂಡರೆ ಮಗುವಿಗೆ ಬರುವುದು ಒಂದು ಮಿಲಿಗ್ರಾಂ ಚಿಲ್ಲರೆ. ಸೀಲಿಯಾಕ್ ಇರುವವರಿಗೇ ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಸಾಮಾನ್ಯವಾಗಿ ಕರುಳಿಗೆ ಪೆಟ್ಟಾಗುವುದಿಲ್ಲ ಅನ್ನುತ್ತಾರೆ.

ಕರಾವಳಿ ಅಪ್ಪ
ಯಾರ ಮನೆಯಲ್ಲಿ 100 ಮಿಲಿಗ್ರಾಂ ತೂಗಿ ಹಾಕುತ್ತಾರೆ? ನಮ್ಮ ಅತ್ತೆ ಅರ್ಧ ಚಮಚ ಹಾಕುತ್ತಿದ್ದರು. ಅದು ಒಂದು ಗ್ರಾಂ ದಾಟುತ್ತದೆ. ನಿಮ್ಮ ಲೆಕ್ಕವೇ ಹತ್ತು ಪಟ್ಟು ಏರಿತು. ಜೊತೆಗೆ ಒಗ್ಗರಣೆಗೆ, ಉಪ್ಪಿನಕಾಯಿಗೆ, ಹಪ್ಪಳಕ್ಕೆ, ಮಜ್ಜಿಗೆಗೆ. ಎಲ್ಲ ಕೂಡಿಸಿ ನೋಡಿ.

ಹುಬ್ಬಳ್ಳಿ ಅಜ್ಜಿ
ಇಂಗು ಹೊಟ್ಟೆಗೆ ಒಳ್ಳೆಯದು. ವಾಯು ಹೋಗಲಿ ಎಂದು ಮಕ್ಕಳ ಹೊಕ್ಕುಳ ಸುತ್ತ ಹಚ್ಚುತ್ತಿದ್ದೆವು. ಅದನ್ನು ಯಾಕೆ ಬಯ್ಯುತ್ತೀರಿ? ಆ ಮಗುವಿಗೆ ನಾಟಿ ಹಸುವಿನ ಹಾಲು ಕೊಡಿ. ಅದರಲ್ಲಿ ಕೇಸೀನ್ ಇರುವುದಿಲ್ಲವಂತೆ.

ಡಲ್ಲಾಸ್ ಅಮ್ಮ
ಅಜ್ಜಿ, ನಾಟಿ ಹಸುವಿನ ಹಾಲಿನಲ್ಲೂ ಕೇಸೀನ್ ಇದೆ. ನಾಟಿ ಹಸುವಿನ ಹಾಲನ್ನು ಎ2 ಅನ್ನುತ್ತಾರಲ್ಲ, ಆ ಎ2 ಕೇಸೀನಿನಲ್ಲೇ ಒಂದು ಬಗೆ. ಹಾಲಿನ ಅಲರ್ಜಿ ಇರುವ ಮಗುವಿಗೆ ಇದನ್ನು ನಂಬಿ ಕೊಟ್ಟರೆ ಅಪಾಯ.

ಮಲೆನಾಡ ಮಲ್ಲಿಗೆ
ಕರಾವಳಿ ಅಪ್ಪ ಅವರೇ, ನೀವು ರಾಗಿ, ಅಕ್ಕಿ ಹಿಟ್ಟನ್ನು ಎಲ್ಲಿ ಬೀಸಿಸುತ್ತೀರಿ?

ಕರಾವಳಿ ಅಪ್ಪ
ಊರಿನ ಗಿರಣಿಯಲ್ಲಿ. ಯಾಕೆ?

ಮಲೆನಾಡ ಮಲ್ಲಿಗೆ
ನಿಮಗಿಂತ ಮುಂಚೆ ಅದೇ ಕಲ್ಲಿನಲ್ಲಿ ಗೋಧಿ ಬೀಸಿರುತ್ತಾರೆ. ಕಲ್ಲಿನಲ್ಲಿ, ಬಟ್ಟೆಯ ಚೀಲದಲ್ಲಿ ಉಳಿದ ಹಿಟ್ಟು ನಿಮ್ಮ ರಾಗಿಗೆ ಬರುತ್ತದೆ. ನಮ್ಮ ದೇಶದಲ್ಲಿ ಗ್ಲುಟೆನ್ ಇಲ್ಲ ಎಂದು ಡಬ್ಬಿಯ ಮೇಲೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ದಾಟಬಾರದು. ಒಂದು ಕಿಲೋ ರಾಗಿಗೆ ಒಂದು ಹಿಡಿ ಗೋಧಿ ಹಿಟ್ಟು ಸೇರಿದರೆ ಅದರ ನೂರು ಪಟ್ಟಿಗೂ ಹೆಚ್ಚಾಗುತ್ತದೆ. ಹಾಗಾದರೆ ನಿಮ್ಮ ಮಗಳೂ ಗ್ಲುಟೆನ್ ಬಿಟ್ಟಿಲ್ಲ. ಆದರೂ ಸುಧಾರಿಸಿದಳು. ಈಗ ಹೇಳಿ, ಸುಧಾರಿಸಿದ್ದು ಯಾವುದರಿಂದ?

ಕರಾವಳಿ ಅಪ್ಪ
ನಾವು ಮೊದಲು ಸ್ವಲ್ಪ ಅಕ್ಕಿ ಬೀಸಿಸಿ ಆ ಹಿಟ್ಟನ್ನು ಬಿಸಾಡುತ್ತೇವೆ. ಅಷ್ಟೂ ತಿಳಿಯದೆ ಮಾಡುತ್ತೇವಾ? ನನ್ನ ಮಗಳ ವಿಷಯ ತೆಗೆಯಬೇಡಿ.

ಮಲೆನಾಡ ಮಲ್ಲಿಗೆ
ನನ್ನ ಮಗನ ವಿಷಯ ನೀವು ತೆಗೆಯಬಹುದು, ನಿಮ್ಮ ಮಗಳ ವಿಷಯ ನಾನು ತೆಗೆಯಬಾರದು. ಒಳ್ಳೆಯ ನ್ಯಾಯ.

ಗಂಗಾವತಿ ಹುಡುಗ
ಶುದ್ಧ ಇಂಗು ಇರಾನ್, ಅಫ್ಘಾನಿಸ್ತಾನದಿಂದ ಬರುವ ಗಿಡದ ಅಂಟು. ಅದರಲ್ಲಿ ಗ್ಲುಟೆನ್ ಇಲ್ಲ. 2020ರಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲೂ ನೆಟ್ಟಿದ್ದಾರೆ. ಅಕ್ಕಿ ಹಿಟ್ಟು ಬೆರೆಸಿದ ಇಂಗು ಕೂಡ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಕೊಂಡರೆ ಈ ಜಗಳವೇ ಇಲ್ಲ.

ಕರಾವಳಿ ಅಪ್ಪ
ನಾನು ಹೇಳಿದ್ದೂ ಅದೇ. ಇಂಗಿನಲ್ಲಿ ಗೋಧಿ ಇದೆ ಎಂದು ಇವರೂ ಒಪ್ಪಿದರು.

ತುಂಗಾ ತೀರ
ನಮ್ಮ ಮಗ ಸಾರೇ ತಿನ್ನುವುದಿಲ್ಲ. ದಯವಿಟ್ಟು ಅವನ ವಿಷಯ ಹೇಳಿ. ಬೆಳಿಗ್ಗೆಯಿಂದ ಎರಡು ಬಾಳೆಹಣ್ಣು ಮಾತ್ರ. ಹಾಲು ಕೇಳಿ ಫ್ರಿಜ್ಜಿನ ಬಾಗಿಲು ಬಡಿಯುತ್ತಿದ್ದಾನೆ.

ಊಟದ ಥೆರಪಿ
ತುಂಗಾ ಅವರೇ, ಪಥ್ಯಕ್ಕೆ ಮುಂಚೆ ದಿನಕ್ಕೆ ಎಷ್ಟು ಹಾಲು ಕುಡಿಯುತ್ತಿದ್ದ?

ತುಂಗಾ ತೀರ
ಲೀಟರ್ ಹತ್ತಿರ. ರಾತ್ರಿ ಎದ್ದಾಗಲೂ ಬಾಟಲಿ ಬೇಕು.

ಊಟದ ಥೆರಪಿ
ಇಲ್ಲಿ ನಿಲ್ಲಿ. ಈ ವಯಸ್ಸಿಗೆ ಅರ್ಧ ಲೀಟರ್ ಸಾಕು. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಅನ್ನಬಹುದು. ಒಂದು ಲೀಟರ್ ಕುಡಿದ ಮಗುವಿಗೆ ಊಟಕ್ಕೆ ಹಸಿವು ಉಳಿಯುವುದಿಲ್ಲ, ರಕ್ತ ಕಡಿಮೆಯಾಗುತ್ತದೆ, ಹೊಟ್ಟೆಯೂ ಕಟ್ಟುತ್ತದೆ. ಹೊಟ್ಟೆಯಲ್ಲಿ ಮಲ ಗಟ್ಟಿಯಾಗಿ ಕೂತಿದ್ದರೆ ಹಸಿವು ಇನ್ನೂ ಸಾಯುತ್ತದೆ. ನೋವಾದ ನೆನಪಿಗೆ ಹೆದರಿ ಮಗು ತಡೆದುಕೊಳ್ಳುತ್ತದೆ, ಅದು ಇನ್ನೂ ಗಟ್ಟಿಯಾಗುತ್ತದೆ. ಮೊದಲು ಮಕ್ಕಳ ವೈದ್ಯರ ಹತ್ತಿರ ಹೋಗಿ ಮಲಬದ್ಧತೆಗೆ ಸರಿಯಾದ ಔಷಧಿ ಶುರು ಮಾಡಿಸಿ. ನೀರಿನಲ್ಲಿ ಬೆರೆಸಿದರೆ ರುಚಿ ಗೊತ್ತಾಗದಂಥವೂ ಇವೆ. ಹಾಲನ್ನು ಒಂದೇ ಸಲ ನಿಲ್ಲಿಸಬೇಡಿ. ನಿಧಾನವಾಗಿ ಇಳಿಸಿ, ರಾತ್ರಿಯ ಬಾಟಲಿ ಮೊದಲು.

ಕರಾವಳಿ ಅಪ್ಪ
‘ಹೊಟ್ಟೆಯೂ ಕಟ್ಟುತ್ತದೆ.’ ನೋಡಿ, ಹಾಲಿನಿಂದಲೇ ಎಂದು ಥೆರಪಿಸ್ಟ್ ಕೂಡ ಹೇಳಿದರು. 1998ರಲ್ಲಿ ಇಟಲಿಯಲ್ಲಿ ಔಷಧಿಗೂ ಬಗ್ಗದ ಮಲಬದ್ಧತೆ ಇದ್ದ 65 ಮಕ್ಕಳಿಗೆ ಹಸುವಿನ ಹಾಲು ಬಿಡಿಸಿ ಸೋಯಾ ಹಾಲು ಕೊಟ್ಟರು. 44 ಮಕ್ಕಳಿಗೆ ಗುಣವಾಯಿತು. ದೊಡ್ಡ ಪತ್ರಿಕೆಯಲ್ಲಿ ಬಂದಿದ್ದು. ಹಾಲು ಪೂರ್ತಿ ನಿಲ್ಲಿಸಿ.

ಡಲ್ಲಾಸ್ ಅಮ್ಮ
ಆ ಪ್ರಯೋಗದಲ್ಲಿ ಅಕ್ಕಿ ಬಿಡಿಸಿದರಾ? ರಾಗಿ ಬಿಡಿಸಿದರಾ? ಇಲ್ಲ. ಅದು ಹಾಲೊಂದನ್ನೇ, ವೈದ್ಯರ ಕಣ್ಣೆದುರು, ಕೆಲವು ವಾರ ಬಿಟ್ಟು ನೋಡಿದ್ದು. ಅದನ್ನು ಹಿಡಿದುಕೊಂಡು ಈ ಕೋಚ್ ಪಟ್ಟಿಯನ್ನು ಎತ್ತಿಹಿಡಿಯಬೇಡಿ. ಹಾಲು ಬಿಡಿಸಿದರೆ ಸುಣ್ಣದ ಅಂಶ ಎಲ್ಲಿಂದ ಬರುತ್ತದೆ ಎಂದೂ ಹೇಳಬೇಕು. ಈ ವಯಸ್ಸಿಗೆ ದಿನಕ್ಕೆ 500 ಮಿಲಿಗ್ರಾಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ. ಆ ಪಟ್ಟಿಯಲ್ಲಿ ರಾಗಿಯೂ ಇಲ್ಲ! ಕೇಸೀನ್ ಬಿಟ್ಟ ಆಟಿಸಂ ಹುಡುಗರ ಮೂಳೆ ಇನ್ನೂ ತೆಳ್ಳಗಿತ್ತು ಎಂದು 2008ರಲ್ಲಿ ಅಮೆರಿಕದಲ್ಲಿ ಕಂಡಿದ್ದಾರೆ.

ಕರಾವಳಿ ಅಪ್ಪ
ರಾಗಿ ಬಿಡಿ ಎಂದು ನಾನು ಯಾವತ್ತೂ ಹೇಳಿಲ್ಲ. ಹೇಳಿದ್ದು ಆ ಕೋಚ್.

ಮೈಸೂರು ಮೇಷ್ಟ್ರು
ನಿಮ್ಮ ಮೊದಲ ಮಾತೇ ‘ಮುಂದುವರಿಸಿ’. ಮೇಲೆ ಹೋಗಿ ಓದಿ.

ತುಂಗಾ ತೀರ
ಮೊಸರನ್ನ ಕೊಟ್ಟೆ. ಎರಡು ಬಟ್ಟಲು ತಿಂದ. ನಾಳೆ ಮಕ್ಕಳ ವೈದ್ಯರ ಹತ್ತಿರ ಹೋಗುತ್ತೇವೆ. ಸೀಲಿಯಾಕ್ ಇದೆಯೋ ನೋಡಲು ರಕ್ತ ಪರೀಕ್ಷೆ ಕೇಳಬೇಕಾ?

ಊಟದ ಥೆರಪಿ
ಖಂಡಿತ ಕೇಳಿ. ಹಿಮೋಗ್ಲೋಬಿನ್, ಕಬ್ಬಿಣ, ಥೈರಾಯ್ಡ್ ಬಗ್ಗೆಯೂ ಕೇಳಿ. ಪರೀಕ್ಷೆಯವರೆಗೆ ಬಿಸ್ಕತ್ತು ನಿಲ್ಲಿಸಬೇಡಿ. ಗೋಧಿ ಬಿಟ್ಟು ಬಹಳ ದಿನವಾದರೆ ಸೀಲಿಯಾಕ್ ಇದ್ದರೂ ರಕ್ತದಲ್ಲಿ ಕಾಣದೆ ಹೋಗಬಹುದು. ಹೊಸ ಪದಾರ್ಥ ತರುವುದು ಅವನು ಈಗ ತಿನ್ನುವುದರ ಪಕ್ಕದಿಂದಲೇ. ದೋಸೆ ಹಿಟ್ಟಿಗೆ ಒಂದು ಚಮಚ ರಾಗಿ, ಅದು ಒಪ್ಪಿದ ಮೇಲೆ ಎರಡು. ಗರಿಗರಿ ಹಾಗೇ ಇರಬೇಕು. ಗುಟ್ಟಾಗಿ ಮೊಸರನ್ನದೊಳಗೆ ಏನನ್ನೂ ಬೆರೆಸಬೇಡಿ. ಗೊತ್ತಾದರೆ ಅದನ್ನೂ ಬಿಟ್ಟುಬಿಡುತ್ತಾನೆ.

ಕರಾವಳಿ ಅಪ್ಪ
ಗೋಧಿ ಬಿಸ್ಕತ್ತು ಮತ್ತೆ ಕೊಡಿ ಅನ್ನುತ್ತಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ದಕ್ಷಿಣದಲ್ಲಿ ಸೀಲಿಯಾಕ್ ಇರುವುದೇ ಅಪರೂಪ. 2016ರ ಸಮೀಕ್ಷೆಯಲ್ಲಿ ಸೀಲಿಯಾಕ್ ಸೂಚಿಸುವ ಪ್ರತಿಕಾಯ ರಕ್ತದಲ್ಲಿ ಕಂಡಿದ್ದು ಉತ್ತರ ಭಾರತದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ ನೂರಕ್ಕೆ 0.10. ಇಲ್ಲದ ಕಾಯಿಲೆ ಹುಡುಕಲು ಮಗುವಿಗೆ ಮತ್ತೆ ಗೋಧಿ ತಿನ್ನಿಸುವುದಾ?

ಡಲ್ಲಾಸ್ ಅಮ್ಮ
ಆ ಸಮೀಕ್ಷೆ ದೊಡ್ಡವರದ್ದು, ಮಕ್ಕಳದ್ದಲ್ಲ. ಮೇಲೆ ಸೀಲಿಯಾಕ್ ಮಕ್ಕಳಿಗೆ ಪಥ್ಯದಿಂದ ಲಾಭ ಅಂದವರೂ ನೀವೇ. ಈಗ ಸೀಲಿಯಾಕ್ ಅಪರೂಪ ಅನ್ನುತ್ತಿದ್ದೀರಿ.

ಮಲೆನಾಡ ಮಲ್ಲಿಗೆ
ತುಂಗಾ, ನಾನೂ ಪರೀಕ್ಷೆ ಮಾಡಿಸದೆ ಶುರು ಮಾಡಿದವಳು. ನೀವು ಮಾಡಿಸಿ. ರಕ್ತ ತೆಗೆಯುವ ಮುಂಚೆ ಮರಗಟ್ಟಿಸುವ ಕ್ರೀಮ್ ಹಚ್ಚಬಹುದಾ ಎಂದು ಕೇಳಿ.

ಕರಾವಳಿ ಅಪ್ಪ
ಪರೀಕ್ಷೆ ಬೇಡ ಎಂದು ನಾನು ಹೇಳಿಲ್ಲ. ಗೋಧಿ ಬೇಡ ಅಂದೆ.

ತುಂಗಾ ತೀರ
ನಿಲ್ಲಿಸಿ ಕೆಲವೇ ದಿನ ಆಗಿದೆ. ಅಷ್ಟಕ್ಕೆ ಪರೀಕ್ಷೆ ಕೆಡುತ್ತದಾ?

ಊಟದ ಥೆರಪಿ
ಕೆಲವೇ ದಿನಕ್ಕೆ ಸಾಮಾನ್ಯವಾಗಿ ಕೆಡುವುದಿಲ್ಲ. ಆದರೂ ಯಾವತ್ತು ನಿಲ್ಲಿಸಿದಿರಿ ಎಂದು ವೈದ್ಯರಿಗೆ ಮೊದಲೇ ಹೇಳಿ. ಕೋಚ್ ಕೊಟ್ಟ ಪಟ್ಟಿಯನ್ನೂ ತೆಗೆದುಕೊಂಡು ಹೋಗಿ ತೋರಿಸಿ.