ಜಿಆರ್‌ಇ ಇನ್‌ಈಕ್ವಾಲಿಟಿ ಲೆಕ್ಕ ಕೈಗೇ ಹತ್ತುತ್ತಿಲ್ಲ, ನೀವೆಲ್ಲ ಹೇಗೆ ಮಾಡಿದ್ರಿ?

ಮುಂದಿನ ತಿಂಗಳು ಜಿಆರ್‌ಇ (ಹೊರದೇಶದಲ್ಲಿ ಮಾಸ್ಟರ್ಸ್ ಓದೋಕೆ ಬರೆಯೋ ಪರೀಕ್ಷೆ) ಇದೆ. ಕ್ವಾಂಟ್‌ನಲ್ಲಿ, ಅಂದ್ರೆ ಗಣಿತದ ಭಾಗದಲ್ಲಿ, ಉಳಿದಿದ್ದು ಪರವಾಗಿಲ್ಲ, ಇನ್‌ಈಕ್ವಾಲಿಟಿ (<, > ಇರೋ ಲೆಕ್ಕ) ಬಂದ್ರೆ ಮಾತ್ರ ಸ್ಟೆಪ್ ಎಲ್ಲಾ ಸರಿ ಅನ್ಸುತ್ತೆ, ಉತ್ತರ ತಪ್ಪಾಗಿರುತ್ತೆ. ಬರೆದವ್ರು ಯಾರಾದ್ರೂ ಹೇಳಿ ಪ್ಲೀಸ್.

———

ನಾನು ಹೋದ ವರ್ಷ ಬರ್ದೆ, ನಂಗೂ ಇದೇ ಆಗ್ತಿತ್ತು. ಮಾಕ್‌ನಲ್ಲಿ (ಅಭ್ಯಾಸದ ಪರೀಕ್ಷೆ) ತಪ್ಪಾಗಿದ್ದನ್ನೆಲ್ಲ ಒಂದು ನೋಟ್‌ಬುಕ್ಕಲ್ಲಿ ಬರೀತಾ ಹೋದೆ, ಹದಿನೈದಾದ್ಮೇಲೆ ತಿರುಗಿಸಿ ನೋಡಿದ್ರೆ ಹೆಚ್ಚುಕಮ್ಮಿ ಎಲ್ಲದ್ರಲ್ಲೂ ಒಂದೇ ತಪ್ಪು, ಎಕ್ಸ್ ಪಾಸಿಟಿವ್ ಅಂತ ನಾನೇ ಅಂದ್ಕೊಂಡಿದ್ದು, ಪ್ರಶ್ನೆಯಲ್ಲಿ ಹಾಗಂತ ಎಲ್ಲೂ ಇರ್ಲಿಲ್ಲ. 6/ಎಕ್ಸ್ < 2 ತಗೊಳ್ಳಿ. ಎಕ್ಸನ್ನ ಆಕಡೆ ಗುಣಿಸಿ 6 < 2ಎಕ್ಸ್, ಅಂದ್ರೆ ಎಕ್ಸ್ > 3 ಅಂತ ಬರ್ದು ಮುಂದೆ ಹೋಗ್ತಿದ್ದೆ. ಈಗ ಎಕ್ಸ್ ಜಾಗಕ್ಕೆ -1 ಹಾಕಿ, -6 ಬರುತ್ತೆ, ಅದೂ 2ಕ್ಕಿಂತ ಕಮ್ಮಿನೇ ಅಲ್ವಾ? ಸೊನ್ನೆಗಿಂತ ಕೆಳಗಿರೋ ಅಷ್ಟೂ ನಂಬರ್ ಉತ್ತರದಲ್ಲಿ ಸೇರ್ಬೇಕಿತ್ತು. ಸೈನ್ (ಪಾಸಿಟಿವಾ ನೆಗೆಟಿವಾ ಅಂತ) ಗೊತ್ತಿಲ್ದೆ ಎಕ್ಸ್‌ನಿಂದ ಗುಣಿಸ್ಲೂಬೇಡಿ ಭಾಗಿಸ್ಲೂಬೇಡಿ. ಎಲ್ಲಾ ಒಂದೇ ಕಡೆ ತಂದು (6 - 2ಎಕ್ಸ್)/ಎಕ್ಸ್ < 0 ಮಾಡ್ಕೊಳ್ಳಿ, ನಂಬರ್ ಲೈನ್ ಮೇಲೆ 0 ಮತ್ತೆ 3 ಗುರುತು ಹಾಕಿ, ಮೂರು ಭಾಗದಲ್ಲೂ ಒಂದೊಂದು ನಂಬರ್ ಹಾಕಿ ನೋಡಿ. ಸ್ವಲ್ಪ ಟೈಮ್ ಹಿಡಿಯುತ್ತೆ ನಿಜ, ಆದ್ರೆ 27 ಪ್ರಶ್ನೆಗೆ 47 ನಿಮಿಷ ಇರುತ್ತೆ, ಇದಕ್ಕೆ ಕೊಡಬಹುದು.

———

ಕ್ವಾಂಟಿಟಿ ಎ, ಕ್ವಾಂಟಿಟಿ ಬಿ ಹೋಲಿಸೋ ಪ್ರಶ್ನೆಗೆ ಆಲ್ಜೀಬ್ರಾಕ್ಕಿಂತ ಮೊದ್ಲು ನಂಬರ್ ಹಾಕಿ. ಎಕ್ಸ್ > 0 ಅಂತ ಕೊಟ್ಟು ಎ-ಲ್ಲಿ ಎಕ್ಸ್ ವರ್ಗ, ಬಿ-ಲ್ಲಿ ಎಕ್ಸ್ ಇದೆ ಅಂತಿಟ್ಕೊಳ್ಳಿ. 2 ಹಾಕಿದ್ರೆ ಎ ದೊಡ್ಡದು, 1/2 ಹಾಕಿದ್ರೆ ಬಿ ದೊಡ್ಡದು. ಮುಗೀತು, ಹೇಳೋಕಾಗಲ್ಲ ಅನ್ನೋ ನಾಲ್ಕನೇ ಆಪ್ಷನ್. ಆದ್ರೆ ಹಾಕಿದ ನಂಬರಿಗೆಲ್ಲ ಎ ದೊಡ್ಡದು ಬಂತು ಅಂತ ಎ ಒತ್ತಿಬಿಡ್ಬೇಡಿ, ಅದು ಪ್ರೂಫ್ ಅಲ್ಲ. 0, ಭಿನ್ನರಾಶಿ, ನೆಗೆಟಿವ್ ಇವನ್ನ ಮರೆತೇ ನಾನು ಸುಮಾರು ಮಾರ್ಕ್ಸ್ ಬಿಟ್ಟಿದ್ದೀನಿ.

———

ನಾನು ಪಿಯುಸಿ ಮಕ್ಕಳಿಗೆ ಪಾಠ ಮಾಡ್ತೀನಮ್ಮ. ಫಸ್ಟ್ ಪಿಯುಸಿಲೇ ಈ ಚಾಪ್ಟರ್ ಇದೆ, ನೆಗೆಟಿವ್‌ನಿಂದ ಗುಣಿಸಿದ್ರೆ <, > ಸೈನ್ ತಿರುಗುತ್ತೆ ಅಂತ ಎಲ್ರೂ ಬಾಯಿಪಾಠ ಮಾಡಿರ್ತಾರೆ, ಯಾಕೆ ಅಂತ ಕೇಳಿದ್ರೆ ಸುಮ್ನಾಗ್ತಾರೆ. ನಾನು ಸಾಲದ ಲೆಕ್ಕ ಹೇಳ್ತೀನಿ. ಕೈಯಲ್ಲಿ 5 ಸಾವಿರ ಇರೋನು 3 ಸಾವಿರ ಇರೋನಿಗಿಂತ ಮೇಲು, ಅದೇ 5 ಸಾವಿರ ಸಾಲ ಇರೋನು 3 ಸಾವಿರ ಸಾಲ ಇರೋನಿಗಿಂತ ಕೆಳಗೆ. ಆಮೇಲೆ ಎಕ್ಸ್ ವರ್ಗ > 9 ಅಂದ್ರೆ ಎಕ್ಸ್ > 3 ಅಷ್ಟೇ ಅಲ್ಲ, ಎಕ್ಸ್ < -3 ಕೂಡ.

———

ನಂದು ಬ್ಯಾಂಕ್ ಪರೀಕ್ಷೆ. ಎರಡು ಸಮೀಕರಣ ಬಿಡಿಸಿ ಎಕ್ಸ್, ವೈ ಹೋಲಿಸೋ ಪ್ರಶ್ನೆ, ಎಕ್ಸ್‌ಗೆ 3, 4 ಬಂದು ವೈಗೆ 4, 5 ಬಂದಿತ್ತು, ಅವಸರದಲ್ಲಿ ಎಕ್ಸ್ < ವೈ ಟಿಕ್ ಮಾಡಿ ಕಾಲು ಮಾರ್ಕು ಮೈನಸ್ ಆಯ್ತು. ಎರಡರಲ್ಲೂ 4 ಇದೆಯಲ್ಲ, ಎಕ್ಸ್ ≤ ವೈ ಆಗ್ಬೇಕು. ಸಮ ಆಗೋ ಚಾನ್ಸ್ ಇದ್ಯಾ ಅಂತ ಕೊನೇಲಿ ಒಂದ್ಸಲ ನೋಡಿ.

———

ತುಂಬಾ ಥ್ಯಾಂಕ್ಸ್ ಎಲ್ರಿಗೂ. ಸಾಲದ ಲೆಕ್ಕ ತಲೇಲಿ ಕೂತ್ಬಿಡ್ತು ಸರ್. ಹಳೇ ಮಾಕ್‌ನಲ್ಲಿ ತಪ್ಪಾಗಿದ್ದ ಏಳು ಲೆಕ್ಕ ಈಗ ತಿರ್ಗಾ ಮಾಡ್ದೆ, ಐದರಲ್ಲಿ ಸೈನೇ ನೋಡಿರ್ಲಿಲ್ಲ. ಇನ್ನೆರಡು ಮಾಡ್ಯುಲಸ್ (|ಎಕ್ಸ್| ಥರದ್ದು) ಇರೋವು, ನಾಳೆ ಇಲ್ಲೇ ಹಾಕ್ತೀನಿ.