ಪದಚರ್ಚೆ: ಕೀಮೋ ಔಷಧಿ ರಕ್ತನಾಳದಿಂದ ಆಚೆ ಹೋದರೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ಕೀಮೋ (ಕ್ಯಾನ್ಸರ್ ಔಷಧಿ ಕೊಡುವ) ವಾರ್ಡಿನ ನರ್ಸ್‌ಗಳಿಗೂ ಆಯಾಗಳಿಗೂ ಒಂದು ಕೈಪಿಡಿ ಕನ್ನಡದಲ್ಲಿ ಮಾಡುತ್ತಿದ್ದೇವೆ. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ‘ಸೋರಿಕೆ’. ಸ್ಪಿಲ್ (ನೆಲಕ್ಕೆ ಬೀಳುವುದು), ಲೀಕ್ (ಜೋಡಣೆಯಲ್ಲಿ ಹನಿಯುವುದು), ಎಕ್ಸ್‌ಟ್ರಾವಸೇಶನ್ (ರಕ್ತನಾಳದಿಂದ ಆಚೆ ಹೋಗುವುದು) ಮೂರಕ್ಕೂ ಕರಡಿನಲ್ಲಿ ಇದೊಂದೇ ಪದ ಇದೆ. ಆದರೆ ಮೂರರಲ್ಲೂ ಮಾಡಬೇಕಾದ ಕೆಲಸ ಬೇರೆ ಬೇರೆ. ಔಷಧಿ ನೆಲಕ್ಕೆ ಬಿದ್ದರೆ ಜನರನ್ನು ದೂರ ಕಳಿಸಿ, ಎರಡು ಜೊತೆ ಗ್ಲೌಸು, ಗೌನು, ಮಾಸ್ಕು ಹಾಕಿಕೊಂಡು, ಅಂಚಿನಿಂದ ನಡುವಿಗೆ ಒರೆಸಿ, ಒರೆಸಿದ್ದೆಲ್ಲವನ್ನೂ ಸೈಟೋಟಾಕ್ಸಿಕ್ (ಜೀವಕೋಶಕ್ಕೆ ಹಾನಿಕರ) ಗುರುತಿನ ಹಳದಿ ಕಸದ ಚೀಲಕ್ಕೆ ಹಾಕಬೇಕು. ಡ್ರಿಪ್ಪಿನ ಜೋಡಣೆಯಲ್ಲಿ ಹನಿಯುತ್ತಿದ್ದರೆ ಮೊದಲು ಕ್ಲ್ಯಾಂಪ್ ಹಾಕಿ ನಳಿಗೆ ಮುಚ್ಚಬೇಕು. ರಕ್ತನಾಳದಿಂದ ಆಚೆ ಮಾಂಸದೊಳಗೆ ಹೋದರೆ ಡ್ರಿಪ್ ನಿಲ್ಲಿಸಬೇಕು, ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆ) ಮಾತ್ರ ತಕ್ಷಣ ಕೀಳಬಾರದು, ಅದರಿಂದಲೇ ಆದಷ್ಟು ಔಷಧಿಯನ್ನು ಸಿರಿಂಜಿಗೆ ವಾಪಸ್ ಎಳೆಯಬೇಕು. ಡಾಕ್ಸೊರುಬಿಸಿನ್ ಆದರೆ ಮೇಲೆ ತಣ್ಣನೆಯ ಪಟ್ಟಿ, ವಿನ್‌ಕ್ರಿಸ್ಟಿನ್ ಆದರೆ ಬೆಚ್ಚನೆಯದು.

ಮೊದಲ ಎರಡಕ್ಕೆ ‘ಚೆಲ್ಲು’, ‘ಸೋರು’ ಸಾಕು ಅಲ್ವಾ? ತೊಂದರೆ ಮೂರನೆಯದಕ್ಕೆ. ವಾರ್ಡಿನಲ್ಲಿ ‘ಡ್ರಿಪ್ ಔಟ್ ಆಗಿದೆ’ ಎನ್ನುತ್ತಾರೆ, ಆದರೆ ಸಾದಾ ಸಲೈನಿಗೂ ಅದೇ ಮಾತು, ಕೇಳಿದವರು ಓಡಿಬರುವುದಿಲ್ಲ. ‘ಅಭಿಧಮನಿಯಿಂದ ಹೊರಸ್ರಾವ’ ಎಂದರೆ ಪರೀಕ್ಷೆಗೆ ಓದಿದ ಹಾಗಿರುತ್ತದೆ. ‘ನರದಿಂದ ಆಚೆ’ ಎಂದರೆ ಇನ್ನೊಂದು ಗೊಂದಲ: ‘ನರ ಸಿಗ್ತಾ ಇಲ್ಲ’ ಅಂತ ಸೂಜಿ ಚುಚ್ಚುವಾಗ ಎಲ್ಲರೂ ಹೇಳುವುದು ರಕ್ತನಾಳಕ್ಕೆ, ಪುಸ್ತಕದಲ್ಲಿ ಮಾತ್ರ ನರ ಎಂದರೆ ನರ್ವ್. ನನಗೆ ‘ನಾಳ ತಪ್ಪಿದ ಔಷಧಿ’ ಹಿಡಿಸಿದೆ. ಸೂಜಿಯೇ ತಪ್ಪಿತು ಅಂತ ಯಾರಾದರೂ ಓದಿಕೊಂಡಾರು ಅನ್ನುವ ಅನುಮಾನವೂ ಇದೆ.

ಎರಡನೆಯದು ಡ್ರಿಪ್ಪಿನ ಔಷಧಿ ಚೀಲದ ಮೇಲಿನ ಚೀಟಿ. ಸೈಟೋಟಾಕ್ಸಿಕ್‌ಗೆ ‘ಕೋಶವಿಷ’ ಎಂದು ಒಬ್ಬರು ಸೂಚಿಸಿದರು. ನರ್ಸ್‌ಗೆ ಅಷ್ಟು ಭಯ ಇರಬೇಕಾದದ್ದೇ. ಈ ಔಷಧಿ ಬೆರೆಸಿ ಕೊಡುತ್ತಿದ್ದ ನರ್ಸ್‌ಗಳ ಮೂತ್ರದಲ್ಲಿ ಜೀನ್ ಕೆಡಿಸುವ ಗುಣ ಹೆಚ್ಚಿರುವುದು 1979ರಲ್ಲೇ ಫಿನ್ಲೆಂಡಿನಲ್ಲಿ ಕಂಡುಬಂದಿತ್ತು. ಆದರೆ ಆ ಔಷಧಿ ಚೀಲ ರೋಗಿಯ ತಲೆಯ ಮೇಲೆ ಗಂಟೆಗಟ್ಟಲೆ ತೂಗಾಡುತ್ತದೆ, ಪಕ್ಕದಲ್ಲಿ ಕೂತ ಮನೆಯವರು ಒಂದೊಂದು ಅಕ್ಷರವನ್ನೂ ಓದುತ್ತಾರೆ. ‘ವಿಷ’ ಎಂದು ಬರೆದು ಕೈಗೆ ಹತ್ತಿಸಿದರೆ ಆ ರೋಗಿ ಮುಂದಿನ ಸಲ ಬರುತ್ತಾರಾ? ‘ಮದ್ದು’ ಎನ್ನಲೂ ಹಿಂಜರಿಕೆ, ನಮ್ಮ ಕಡೆ ಹಳ್ಳಿಗಳಲ್ಲಿ ‘ಮದ್ದು ಹಾಕಿದಾರೆ’ ಎಂದರೆ ಅರ್ಥವೇ ಬೇರೆ. ಚೀಟಿಯಲ್ಲಿ ‘ಬರಿಗೈಯಲ್ಲಿ ಮುಟ್ಟಬೇಡಿ’ ಎಂದಷ್ಟೇ ಇದ್ದರೆ ಸಾಕು ಎನ್ನುವ ಕಡೆಗೆ ನಾನು ವಾಲಿದ್ದೇನೆ. ಏನು ಮಾಡಬೇಕೆಂದು ಹೇಳುತ್ತದೆ, ಯಾರನ್ನೂ ಹೆದರಿಸುವುದಿಲ್ಲ.

ಹಾಂ, ‘ದೇಹದ್ರವ’ವನ್ನು ಕರಡಿನಿಂದ ಆಗಲೇ ಕಿತ್ತು ಹಾಕಿದ್ದೇನೆ. ಕೀಮೋ ಆದ ಮೇಲೆ ಸಾಮಾನ್ಯವಾಗಿ 48 ಗಂಟೆ ಗ್ಲೌಸಿಲ್ಲದೆ ಮುಟ್ಟಬಾರದ್ದು ಮೂತ್ರ, ಮಲ, ವಾಂತಿ. ಹಾಗೇ ಬರೆದರೆ ಆಯಾಗಳಿಗೆ ತಿಳಿಯುತ್ತದೆ.

ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆ ವಾರ್ಡುಗಳಲ್ಲಿ ಕೆಲಸ ಮಾಡುವವರು ಈ ಗುಂಪಿನಲ್ಲಿದ್ದರೆ, ನಾಳ ತಪ್ಪಿದ್ದಕ್ಕೆ ಅಲ್ಲಿ ಬಾಯಲ್ಲಿ ಏನನ್ನುತ್ತಾರೆ ತಿಳಿಸಿ. ಹೊಸ ಪದ ಕಟ್ಟುವುದಕ್ಕಿಂತ ಇರುವ ಮಾತು ಸಿಕ್ಕರೆ ನನಗೆ ಜಾಸ್ತಿ ಖುಷಿ.