‘ಗುಂಪು ಹಂತ’ವೋ ‘ಲೀಗ್ ಹಂತ’ವೋ? ಐಸ್ ಹಾಕಿಯ ಅಂಕಪಟ್ಟಿಗೆ ಬೇಕಾದ ಪದಗಳು

ಪ್ರಶ್ನೆ

ಬಲ್ಲವರಿಗೆ ನಮಸ್ಕಾರ. ಐಸ್ ಹಾಕಿ ವಿಶ್ವ ಚಾಂಪಿಯನ್‌ಷಿಪ್ ಬಗ್ಗೆ ಕನ್ನಡದಲ್ಲಿ ಬರೆಯುತ್ತಿರುವ ಲೇಖನದಲ್ಲಿ ಈ ಸಾಲುಗಳು ಬರುತ್ತವೆ:

“2021ರ ರಿಗಾ ಟೂರ್ನಿಯ ಲೀಗ್ ಹಂತದಲ್ಲಿ ಕೆನಡಾ 3 ಪಂದ್ಯ ಗೆದ್ದು, 4ರಲ್ಲಿ ಸೋತು ಬಿ ಗುಂಪಿನಲ್ಲಿ ನಾಲ್ಕನೇ ಸ್ಥಾನ ಪಡೆಯಿತು. 4 ಗೆದ್ದು 3ರಲ್ಲಿ ಸೋತ ಕಜಕಸ್ತಾನ ಐದನೇ ಸ್ಥಾನ ಪಡೆದು ಹೊರಬಿದ್ದಿತು. ಕೊನೆಯ ದಿನ ಜರ್ಮನಿ–ಲಾಟ್ವಿಯಾ ಪಂದ್ಯ ಡ್ರಾ ಆಗಿದ್ದರೆ ಕೆನಡಾ ಹೊರಬೀಳುತ್ತಿತ್ತು.”

ಓದಿದವರು ಮೊದಲು ಕೇಳುವುದೇ, ನಾಲ್ಕು ಗೆದ್ದವರು ಮೂರು ಗೆದ್ದವರಿಗಿಂತ ಕೆಳಗೆ ಹೇಗೆ ಎಂದು. ‘ರೆಗ್ಯುಲೇಷನ್ ವಿನ್’, ‘ಓವರ್‌ಟೈಮ್ ಲಾಸ್’ ಎನ್ನುವುದಕ್ಕೆ ಕನ್ನಡದಲ್ಲಿ ಬಳಕೆಯಲ್ಲಿರುವ ಮಾತು ಯಾವುದು? ‘ಗ್ರೂಪ್ ಸ್ಟೇಜ್’ಗೆ ‘ಲೀಗ್ ಹಂತ’ ಸರಿಯೇ? ‘ಡ್ರಾ’ ಪದ ಇಲ್ಲಿ ನಿಲ್ಲುತ್ತದೆಯೇ?

ಉತ್ತರ 1

ಲೆಕ್ಕ ಸರಿಯಿದೆ, ಸಾಲದ್ದು ಪದ. ಐಸ್ ಹಾಕಿಯಲ್ಲಿ ಗೆಲುವು ಎರಡು ಬಗೆ, ಸೋಲೂ ಎರಡು ಬಗೆ. ಬರೀ ‘ಗೆದ್ದಿತು, ಸೋತಿತು’ ಎಂದರೆ ಅರ್ಧ ಮಾಹಿತಿ ಬಿಟ್ಟುಹೋಗುತ್ತದೆ.

ಆಟ 60 ನಿಮಿಷದ್ದು. ಅಷ್ಟರೊಳಗೆ ಗೆದ್ದವರಿಗೆ 3 ಅಂಕ, ಸೋತವರಿಗೆ ಸೊನ್ನೆ. ಸಮನಾದರೆ ಗುಂಪಿನ ಪಂದ್ಯಗಳಲ್ಲಿ 5 ನಿಮಿಷ ಹೆಚ್ಚು ಆಡಿಸುತ್ತಾರೆ. ಆಗ ಗೋಲ್‌ಕೀಪರ್ ಬಿಟ್ಟು ಪ್ರತಿ ತಂಡದಲ್ಲಿ ಐವರ ಬದಲು ಮೂವರೇ ಇರುತ್ತಾರೆ, ಮೊದಲ ಗೋಲು ಬಿದ್ದ ಕೂಡಲೇ ಆಟ ಮುಗಿಯಿತು. ಅಲ್ಲೂ ಗೋಲಾಗದಿದ್ದರೆ ಶೂಟೌಟ್, ತಲಾ ಐದು ಹೊಡೆತ. ಹೀಗೆ 60 ನಿಮಿಷ ದಾಟಿ ಗೆದ್ದವರಿಗೆ 2 ಅಂಕ, ಸೋತವರಿಗೂ 1 ಅಂಕ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಈ ಪದ್ಧತಿ ಬಂದದ್ದು 2007ರಲ್ಲಿ. ಅದಕ್ಕೂ ಮುಂಚೆ ಗೆಲುವಿಗೆ 2, ಡ್ರಾ ಆದರೆ ತಲಾ 1 ಅಂಕ ಇತ್ತು. ಆದ್ದರಿಂದ 2007ರ ಹಿಂದಿನ ಟೂರ್ನಿಗಳ ಬಗ್ಗೆ ಬರೆಯುವಾಗ ‘ಡ್ರಾ’ ಸರಿ, ಆಮೇಲಿನವುಗಳಿಗೆ ತಪ್ಪು. ನಿಮ್ಮ ಸಾಲಿನಲ್ಲಿ ‘60 ನಿಮಿಷಕ್ಕೆ ಸಮನಾಗಿದ್ದರೆ’ ಎಂದಿರಬೇಕು.

ಈಗ ಕಜಕಸ್ತಾನದ ನಾಲ್ಕು ಗೆಲುವುಗಳನ್ನು ಬಿಡಿಸಿ ನೋಡಿ. ಜರ್ಮನಿಯ ಮೇಲೆ 3–2, ಇಟಲಿಯ ಮೇಲೆ 11–3: ಇವೆರಡೂ 60 ನಿಮಿಷದ ಗೆಲುವು, 6 ಅಂಕ. ಲಾಟ್ವಿಯಾ ಮೇಲೆ 3–2, ಫಿನ್ಲೆಂಡ್ ಮೇಲೆ 2–1: ಎರಡೂ ಶೂಟೌಟ್‌ನಲ್ಲಿ, 4 ಅಂಕ. ಒಟ್ಟು 10. ಕೆನಡಾ ಗೆದ್ದ ಮೂರೂ (ನಾರ್ವೆ, ಕಜಕಸ್ತಾನ, ಇಟಲಿ) 60 ನಿಮಿಷದೊಳಗಿನವು, 9 ಅಂಕ. ಫಿನ್ಲೆಂಡ್ ಎದುರು 2–3ರಿಂದ ಸೋತದ್ದು ಶೂಟೌಟ್‌ನಲ್ಲಿ, ಅದರಿಂದ ಇನ್ನೊಂದು. ಇದೂ 10. ಅಂಕ ಸಮ ಬಂದಾಗ ಇಬ್ಬರ ನಡುವಣ ಪಂದ್ಯ ನೋಡುತ್ತಾರೆ. ಕೆನಡಾ 4–2ರಿಂದ ಕಜಕಸ್ತಾನವನ್ನು ಸೋಲಿಸಿತ್ತು, ಹಾಗಾಗಿ ಅದೇ ಮೇಲೆ.

ಪದಗಳಿಗೆ ಬರೋಣ. ‘ನಿಗದಿತ ಅವಧಿಯ ಗೆಲುವು’, ‘ಹೆಚ್ಚುವರಿ ಅವಧಿಯ ಸೋಲು’ ಎನ್ನುವುದು ಕ್ರೀಡಾಪುಟ ಓದುವವರಿಗೆ ಪರಿಚಿತ. ಆದರೆ ಒಂದು ತೊಡಕಿದೆ. ಐಸ್ ಹಾಕಿಯ ಆಟ 20 ನಿಮಿಷದ ಮೂರು ಭಾಗ. ಆ ಭಾಗಕ್ಕೂ ‘ಅವಧಿ’ ಎಂದೇ ಬರೆದರೆ “ಮೂರನೇ ಅವಧಿಯಲ್ಲಿ ಸಮಬಲ, ಹೆಚ್ಚುವರಿ ಅವಧಿಯಲ್ಲಿ ಗೆಲುವು, ನಿಗದಿತ ಅವಧಿಯಲ್ಲಿ ಅಲ್ಲ” ಎಂದು ಒಂದೇ ಪದ ಮೂರು ಅರ್ಥ ಹೊತ್ತು ಮುಗ್ಗರಿಸುತ್ತದೆ. ಭಾಗಕ್ಕೆ ‘ಪೀರಿಯಡ್’ ಎಂದುಬಿಡಿ. ಶಾಲೆಗೆ ಹೋದ ಯಾರಿಗೂ ಅದು ಹೊಸದಲ್ಲ. ‘ಕ್ವಾರ್ಟರ್’ ಮಾತ್ರ ಬೇಡ, ಅದು ಮೈದಾನದ ಹಾಕಿಯ 15 ನಿಮಿಷದ ನಾಲ್ಕು ಭಾಗಗಳಿಗೆ ಸೇರಿದ್ದು.

‘ಮೂರಂಕದ ಗೆಲುವು, ಎರಡಂಕದ ಗೆಲುವು’ ಎಂದು ಚಿಕ್ಕದಾಗಿಸಬಹುದು ಅನ್ನಿಸುತ್ತದೆ. ಆದರೆ ಕ್ರಿಕೆಟ್ ಓದಿ ರೂಢಿಯಾದ ಕಣ್ಣು ‘ಮೂರಂಕದ’ ಎಂಬುದನ್ನು ‘ಮೂರಂಕಿಯ’ ಎಂದೇ ಓದುತ್ತದೆ, ಶತಕ ನೆನಪಾಗುತ್ತದೆ. ‘ನೇರ ಗೆಲುವು’ ಎಂದರೆ ಟೆನಿಸ್‌ನ ನೇರ ಸೆಟ್‌ಗಳು. ‘ಓವರ್‌ಟೈಮ್’ ಎಂದರೆ ಕಾರ್ಖಾನೆಯ ಓಟಿ. ಮೊದಲ ಸಲ ಬಂದಾಗ ‘60 ನಿಮಿಷದೊಳಗಿನ ಗೆಲುವು’ ಎಂದು ಬಿಡಿಸಿ ಬರೆದು, ಆಮೇಲೆ ‘ನಿಗದಿತ ಅವಧಿಯ ಗೆಲುವು’ ಎಂದು ಮುಂದುವರಿಯುವುದು ಒಳ್ಳೆಯದು.

ಪಟ್ಟಿ ಹಾಕುವುದಾದರೆ ಕಾಲಂಗಳು ಹೀಗಿರಲಿ: ಪಂದ್ಯ, ಗೆ. (ನಿಗದಿತ ಅವಧಿಯ ಗೆಲುವು), ಹೆ.ಗೆ. (ಹೆಚ್ಚುವರಿ ಅವಧಿಯ ಗೆಲುವು), ಹೆ.ಸೋ. (ಹೆಚ್ಚುವರಿ ಅವಧಿಯ ಸೋಲು), ಸೋ. (ನಿಗದಿತ ಅವಧಿಯ ಸೋಲು), ಗೋಲು, ಅಂಕ. ಶೂಟೌಟ್ ಫಲಿತಾಂಶವೂ ‘ಹೆ.’ ಕಾಲಂನಲ್ಲೇ ಬರುತ್ತದೆ. ಲಾಟ್ವಿಯಾದ ಸಾಲು: 7, 2, 0, 3, 2 ಮತ್ತು 9 ಅಂಕ. ಎರಡೇ ಗೆದ್ದರೂ ಮೂರು ‘ಹೆ.ಸೋ.’ ಇರುವುದರಿಂದ 9ಕ್ಕೆ ಏರಿದೆ. ಟೈಪ್ ಮಾಡುವಾಗ ತಪ್ಪಾಗಿದೆಯೇ ಎಂದು ನೋಡಲು ಒಂದು ದಾರಿ: ಯಾವ ಪಂದ್ಯವೇ ಆಗಲಿ ಹಂಚುವುದು ಒಟ್ಟು 3 ಅಂಕ. ಎಂಟು ತಂಡಗಳ ಗುಂಪಿನಲ್ಲಿ 28 ಪಂದ್ಯ, ಅಂಕಗಳ ಮೊತ್ತ 84 ಬರಲೇಬೇಕು. ರಿಗಾದ ಬಿ ಗುಂಪು: ಅಮೆರಿಕ 18, ಫಿನ್ಲೆಂಡ್ 17, ಜರ್ಮನಿ 12, ಕೆನಡಾ 10, ಕಜಕಸ್ತಾನ 10, ಲಾಟ್ವಿಯಾ 9, ನಾರ್ವೆ 8, ಇಟಲಿ 0. ಕೂಡಿ ನೋಡಿ.

ಗೋಲುಗಳ ಕಾಲಂನಲ್ಲೂ ಎಚ್ಚರ ಬೇಕು. ಶೂಟೌಟ್‌ನಲ್ಲಿ ಎಷ್ಟು ಸಲ ಬಲೆ ಸೇರಿಸಿದರೂ ಗೆದ್ದ ತಂಡದ ಲೆಕ್ಕಕ್ಕೆ ಸೇರುವುದು ಒಂದೇ ಗೋಲು. ಕಜಕಸ್ತಾನ–ಲಾಟ್ವಿಯಾ 3–2 ಎಂದರೆ 60 ನಿಮಿಷಕ್ಕೆ 2–2 ಇತ್ತು ಎಂದರ್ಥ. ಫುಟ್‌ಬಾಲ್ ವರದಿಯ ರೂಢಿಯಂತೆ ‘2–2, ಶೂಟೌಟ್‌ನಲ್ಲಿ ಇಷ್ಟು’ ಎಂದು ಬಿಡಿಸಿದರೆ ಪಟ್ಟಿಯ ಗೋಲು ಸಂಖ್ಯೆಗೂ ವರದಿಗೂ ತಾಳೆಯಾಗುವುದಿಲ್ಲ. ‘3–2 (ಶೂಟೌಟ್)’ ಎಂದು ಬರೆಯಿರಿ.

ಉತ್ತರ 2

‘ಲೀಗ್ ಹಂತ’ದ ಬಗ್ಗೆ. ನಮ್ಮಲ್ಲಿ ‘ಲೀಗ್’ ಎಂದರೆ ಎಲ್ಲರೂ ಎಲ್ಲರ ಎದುರು ಆಡುವುದು ಎಂಬ ಅರ್ಥ ಗಟ್ಟಿಯಾಗಿದೆ. ಊರಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಯ ಭಿತ್ತಿಪತ್ರದಲ್ಲೂ ‘ಲೀಗ್ ಕಂ ನಾಕೌಟ್’ ಎಂದಿರುತ್ತದೆ. ಕೊಡಗಿನ ಕುಟುಂಬ ಹಾಕಿಯಲ್ಲಿ ಹಾಗೆ ಮಾಡಲು ಆಗುವುದಿಲ್ಲ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ಕುಟುಂಬಗಳು ಬಂದಿದ್ದವು. ಅಷ್ಟು ತಂಡಗಳಿದ್ದಲ್ಲಿ ಸೋತವರು ಮನೆಗೆ ಎನ್ನುವುದೇ ದಾರಿ. ಅರ್ಥದ ಮಟ್ಟಿಗೆ ‘ಲೀಗ್ ಹಂತ’ ತಪ್ಪಲ್ಲ.

ಆದರೂ ಐಸ್ ಹಾಕಿಗೆ ‘ಗುಂಪು ಹಂತ’ವೇ ಮೇಲು ಎನ್ನುತ್ತೇನೆ. ಈ ಆಟದಲ್ಲಿ ‘ಲೀಗ್’ ಎಂದ ಕೂಡಲೇ ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್ ಎದುರು ಬಂದು ನಿಲ್ಲುತ್ತದೆ. ವಿಶ್ವ ಚಾಂಪಿಯನ್‌ಷಿಪ್ ನಡೆಯುವ ಮೇ ತಿಂಗಳಲ್ಲಿ ಆ ಲೀಗ್‌ನ ಪ್ಲೇ ಆಫ್ ಇನ್ನೂ ಮುಗಿದಿರುವುದಿಲ್ಲ. ಅಲ್ಲಿ ಸೋತ ಕ್ಲಬ್‌ಗಳ ಆಟಗಾರರು ಟೂರ್ನಿಯ ನಡುವೆಯೇ ಬಂದು ರಾಷ್ಟ್ರೀಯ ತಂಡ ಸೇರುವುದುಂಟು. “ಲೀಗ್ ಮುಗಿಸಿದ ಆಟಗಾರ ಲೀಗ್ ಹಂತದಲ್ಲಿ ತಂಡ ಸೇರಿದ” ಎಂದು ಬರೆಯಬೇಕಾಗುತ್ತದೆ. ‘ಗುಂಪು ಹಂತ’ ಎಂದರೆ ಈ ಗೊಂದಲವೇ ಇಲ್ಲ. ಮುಂದಿನದಕ್ಕೆ ‘ಎಂಟರ ಘಟ್ಟ’, ‘ನಾಲ್ಕರ ಘಟ್ಟ’ ಇದ್ದೇ ಇವೆ. 2012ರಿಂದ ಎಂಟೆಂಟು ತಂಡಗಳ ಎರಡು ಗುಂಪು, ಪ್ರತಿ ಗುಂಪಿನಿಂದ ನಾಲ್ಕು ತಂಡ ಮುಂದಕ್ಕೆ, ಕೊನೆಯದು ಕೆಳಗಿನ ಡಿವಿಷನ್‌ಗೆ. ಆ ಇಳಿತಕ್ಕೆ ನಮ್ಮಲ್ಲಿ ಸಿದ್ಧವಾಗಿರುವ ಪದ ‘ಹಿಂಬಡ್ತಿ’. ಸರ್ಕಾರಿ ಕಚೇರಿಯ ಪದವಾದರೂ ಅರ್ಥ ಕರಾರುವಾಕ್ಕು. ಹಾಗೆಂದು 2021ರ ಇಟಲಿಗೆ ಇದನ್ನು ಹಚ್ಚಬೇಡಿ. ಕೋವಿಡ್‌ನಿಂದ ಕೆಳಗಿನ ಡಿವಿಷನ್‌ಗಳ ಟೂರ್ನಿಗಳು ರದ್ದಾಗಿದ್ದವು, ಆ ವರ್ಷ ಯಾರಿಗೂ ಹಿಂಬಡ್ತಿ ಆಗಲಿಲ್ಲ.

‘ಹೊರಬಿದ್ದಿತು’ ಎಂಬ ಮಾತನ್ನೂ ಟೂರ್ನಿ ನೋಡಿ ಬಳಸಬೇಕು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಐದನೆಯವರು ಹೊರಬೀಳುತ್ತಾರೆ, ಸರಿ. ಒಲಿಂಪಿಕ್ಸ್‌ನ ಪುರುಷರ ವಿಭಾಗದಲ್ಲಿ 12 ತಂಡ, ನಾಲ್ಕು ನಾಲ್ಕರ ಮೂರು ಗುಂಪು. ಗುಂಪಿನಲ್ಲಿ ಎಲ್ಲ ಪಂದ್ಯ ಸೋತರೂ ಯಾರೂ ಮನೆಗೆ ಹೋಗುವುದಿಲ್ಲ. ಗುಂಪಿನ ಮೊದಲಿಗರು ಮೂವರು ಮತ್ತು ಎರಡನೇ ಸ್ಥಾನದವರಲ್ಲಿ ಉತ್ತಮ ಒಂದು ತಂಡ ನೇರ ಎಂಟರ ಘಟ್ಟಕ್ಕೆ, ಉಳಿದ ಎಂಟು ತಂಡಗಳಿಗೆ ಅರ್ಹತಾ ಪಂದ್ಯ. ಬೀಜಿಂಗ್ 2022ರ ಮಹಿಳಾ ವಿಭಾಗದಲ್ಲಂತೂ ಬಲಿಷ್ಠ ಐದು ತಂಡಗಳನ್ನು ಎ ಗುಂಪಿಗೆ ಹಾಕಿ ಐದಕ್ಕೂ ಎಂಟರ ಘಟ್ಟ ಖಚಿತಪಡಿಸಿದ್ದರು, ಬಿ ಗುಂಪಿನಿಂದ ಮೂರಕ್ಕೆ ಮಾತ್ರ ಅವಕಾಶ. ಇಂಥ ಕಡೆ “ಗುಂಪು ಹಂತದಲ್ಲೇ ಹೊರಬಿದ್ದಿತು” ಎಂದು ಅಭ್ಯಾಸಬಲದಿಂದ ಬರೆದರೆ ಅದು ಸುಳ್ಳು ಸುದ್ದಿ.

ಇನ್ನೊಂದು, ತಲೆಬರಹದಲ್ಲಿ ‘ಐಸ್’ ಬಿಡಬೇಡಿ. 2025ರಲ್ಲಿ ಭಾರತದ ಮಹಿಳೆಯರು ಎರಡು ಏಷ್ಯಾ ಕಪ್ ಆಡಿದರು: ಯುಎಇಯ ಅಲ್ ಐನ್‌ನಲ್ಲಿ ಐಸ್ ಹಾಕಿ, ಅಲ್ಲಿ ಕಂಚು, ಚೀನಾದ ಹಾಂಗ್‌ಝೌನಲ್ಲಿ ಮೈದಾನದ ಹಾಕಿ, ಅಲ್ಲಿ ಬೆಳ್ಳಿ. ‘ಮಹಿಳಾ ಹಾಕಿ: ಏಷ್ಯಾ ಕಪ್‌ನಲ್ಲಿ ಭಾರತಕ್ಕೆ ಕಂಚು’ ಎಂದರೆ ಕನ್ನಡ ಓದುಗರು ಟರ್ಫ್ ಹಾಕಿಯನ್ನೇ ನೆನೆಯುತ್ತಾರೆ. ಲಡಾಖ್‌ನಲ್ಲಿ ಹೆಪ್ಪುಗಟ್ಟಿದ ಕೊಳಗಳ ಮೇಲೆ ಆಟ ಕಲಿತ ಹುಡುಗಿಯರ ಪದಕ ಇನ್ನೊಂದು ಆಟದ ಖಾತೆಗೆ ಹೋಗುವುದು ನ್ಯಾಯವಲ್ಲ. ‘ಹಿಮ ಹಾಕಿ’ ಎಂಬ ಅನುವಾದವೂ ಬೇಡ. ಹಿಮ ಸುರಿಯುವಂಥದ್ದು, ಸ್ಕೇಟ್ ಓಡುವುದು ಗಟ್ಟಿ ಮಂಜುಗಡ್ಡೆಯ ಮೇಲೆ. ಅಂಗಳದ ಮೇಲೆ ಹಿಮ ಬಿದ್ದರೆ ಅದನ್ನು ಗುಡಿಸಿದ ಮೇಲೇ ಆಟ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಕೊನೆಯ ಸಾಲನ್ನು ಹೀಗೆ ತಿದ್ದಿದ್ದೇನೆ: “ಜರ್ಮನಿ–ಲಾಟ್ವಿಯಾ ಪಂದ್ಯ 60 ನಿಮಿಷಕ್ಕೆ ಸಮನಾಗಿದ್ದರೆ, ಗೋಲು ಸರಾಸರಿ ಆಧಾರದಲ್ಲಿ ಕೆನಡಾ ಹೊರಬೀಳುತ್ತಿತ್ತು.” ಸರಿಯೇ?

ಉತ್ತರ 1

‘ಗೋಲು ಸರಾಸರಿ’ ತೆಗೆಯಿರಿ. ಸರಾಸರಿ ಎಂದರೆ ಭಾಗಾಕಾರ, ಇಲ್ಲಿ ಇರುವುದು ವ್ಯವಕಲನ. ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದರೆ ಬರುವುದು ‘ಗೋಲು ವ್ಯತ್ಯಾಸ’. ಅದೂ ಇಲ್ಲಿ ಮೊದಲ ಅಳತೆಗೋಲಲ್ಲ. 2022ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಅಂಕ ಸಮನಾದರೆ ಗುಂಪಿನ ಎಲ್ಲ ಪಂದ್ಯಗಳ ಗೋಲು ವ್ಯತ್ಯಾಸ ಮೊದಲು ನೋಡುತ್ತಿದ್ದರು. ಐಸ್ ಹಾಕಿಯಲ್ಲಿ ಸಮ ಅಂಕದ ತಂಡಗಳ ಪರಸ್ಪರ ಪಂದ್ಯಗಳು ಮೊದಲು. ಎರಡೇ ತಂಡವಾದರೆ ಗೆದ್ದವರು ಮೇಲೆ. ಮೂರು ಅಥವಾ ಹೆಚ್ಚಾದರೆ, ಅವರವರ ನಡುವಣ ಪಂದ್ಯಗಳನ್ನಷ್ಟೇ ಎತ್ತಿಕೊಂಡು ಇನ್ನೊಂದು ಪಟ್ಟಿ ಹಾಕುತ್ತಾರೆ. ಅದಕ್ಕೆ ‘ಕಿರುಪಟ್ಟಿ’ ಎನ್ನಬಹುದು. ಅದರಲ್ಲಿ ಅಂಕ, ಆಮೇಲೆ ಗೋಲು ವ್ಯತ್ಯಾಸ, ಆಮೇಲೆ ಹೊಡೆದ ಗೋಲು.

ಕೊನೆಯ ಪಂದ್ಯಕ್ಕೆ ಮುಂಚೆ ಜರ್ಮನಿ 9, ಲಾಟ್ವಿಯಾ 9. ಏಳೂ ಪಂದ್ಯ ಮುಗಿಸಿದ ಕೆನಡಾ, ಕಜಕಸ್ತಾನ ತಲಾ 10. ಆಟ 60 ನಿಮಿಷ ದಾಟಿ ಲಾಟ್ವಿಯಾ ಸೋತಿದ್ದರೆ ಅದಕ್ಕೂ 10. ಆಗ ಮೂವರ ಕಿರುಪಟ್ಟಿ: ಲಾಟ್ವಿಯಾ 4 (ಕೆನಡಾ ಮೇಲೆ 2–0 ಗೆಲುವು, ಕಜಕಸ್ತಾನ ಎದುರು ಶೂಟೌಟ್ ಸೋಲು), ಕೆನಡಾ 3, ಕಜಕಸ್ತಾನ 2. ನಾಲ್ಕನೇ ಸ್ಥಾನ ಲಾಟ್ವಿಯಾಕ್ಕೆ. ಇಲ್ಲಿ ಗೋಲಿನ ಲೆಕ್ಕವೇ ಬರುವುದಿಲ್ಲ. ಲಾಟ್ವಿಯಾ ಗೆದ್ದಿದ್ದರೆ ಅದಕ್ಕೆ 11, ಜರ್ಮನಿಗೆ 10. ಜರ್ಮನಿ, ಕೆನಡಾ, ಕಜಕಸ್ತಾನದ ಕಿರುಪಟ್ಟಿಯಲ್ಲಿ ಒಬ್ಬರನ್ನೊಬ್ಬರು ಸೋಲಿಸಿ ಮೂವರಿಗೂ 3 ಅಂಕ. ಗೋಲು ವ್ಯತ್ಯಾಸ ಜರ್ಮನಿ +1, ಕೆನಡಾ 0, ಕಜಕಸ್ತಾನ –1. ನಾಲ್ಕನೇ ಸ್ಥಾನ ಜರ್ಮನಿಗೆ. ಎರಡೂ ದಾರಿಯಲ್ಲಿ ಕೆನಡಾ ಹೊರಗೆ. ಜರ್ಮನಿ 60 ನಿಮಿಷದೊಳಗೆ 2–1ರಿಂದ ಗೆದ್ದಿತು. ಕೆನಡಾ ಉಳಿದುಕೊಂಡು ಫೈನಲ್‌ನಲ್ಲಿ ಫಿನ್ಲೆಂಡ್ ಅನ್ನು 3–2ರಿಂದ, ಅದೂ ಹೆಚ್ಚುವರಿ ಅವಧಿಯಲ್ಲಿ, ಸೋಲಿಸಿ ಪ್ರಶಸ್ತಿ ಗೆದ್ದಿತು.

ನಿಮ್ಮ ಸಾಲು ಹೀಗಿರಲಿ: “ಜರ್ಮನಿ–ಲಾಟ್ವಿಯಾ ಪಂದ್ಯ 60 ನಿಮಿಷಕ್ಕೆ ಸಮನಾಗಿದ್ದರೆ, ಆಮೇಲೆ ಯಾರೇ ಗೆದ್ದಿದ್ದರೂ ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ಕೆನಡಾ ಹೊರಬೀಳುತ್ತಿತ್ತು.”